ಒಂದು ಸಲ ಹೌದು, ಎರಡು ಸಲ ಇಲ್ಲ

ಜೂನ್ 25, ಮಂಗಳವಾರ

ಆದರೆ ಚಮಚವೇ ಯಾಕೆ ಎನ್ನುವುದನ್ನು ನಿನ್ನೆ ಬರೆಯದೆ ಬಿಟ್ಟೆ. ಒಲೆಯ ಮೇಲಿನ ಬೀನ್ಸ್ ತಳ ಹತ್ತಿದ ವಾಸನೆ ಬಂತು, ಎದ್ದೆ. ಚಮಚವನ್ನು ಯಾರೂ ಯೋಚನೆ ಮಾಡಿ ಆರಿಸಿದ್ದಲ್ಲ. ಹೆಂಡತಿ ಕೊರಾಲಿಯನ್ನು ಮಣ್ಣು ಮಾಡಿ ಎರಡು ವಾರವಾಗಿತ್ತು. ಸಂಜೆ ನಾಲ್ಕಾಯಿತು. ಹನ್ನೊಂದು ವರ್ಷ ನಾಲ್ಕು ಗಂಟೆಗೆ ಅವಳು ರೇಡಿಯೋ ಹಾಕುವುದು, ನಾನು ಚಹಾ ಮಾಡುವುದು. ಆ ದಿನ ಎರಡನ್ನೂ ನಾನೇ ಮಾಡಿದೆ. ನಮ್ಮ ರೇಡಿಯೋ ಬಳಗದ ವಿಲ್ಮಾ ತನ್ನ ಅಡುಗೆಮನೆಯಲ್ಲಿ ಕೂತು ದೇಶದಲ್ಲಿ ಚದುರಿಹೋದ ಕ್ಯಾರವಾನುಗಳ ಹಾಜರಿ ಕರೆಯುತ್ತಿದ್ದಳು. "ಎರಡು-ಎಂಟು-ಒಂದು-ಆರು. ಕೊರಾಲಿ?" ಮೈಕಿನ ಗುಂಡಿ ಒತ್ತಿದೆ. ಕೊರಾಲಿ ಇನ್ನಿಲ್ಲ ಎಂದು ಹೇಳಬೇಕಿತ್ತು. ಬಾಯಿ ತೆರೆದಿತ್ತು, ಮಾತು ಬರಲಿಲ್ಲ. ಇನ್ನೊಂದು ಕೈಯಲ್ಲಿದ್ದ ಚಹಾದ ಚಮಚ ಲೋಟಕ್ಕೆ ತಾಗಿತು. ಟಿಣ್.

"ಚಮಚದ ಸದ್ದು ಕೇಳಿಸ್ತು ಕೊರಾಲಿ. ಮೈಕು ಕೆಟ್ಟಿದ್ಯಾ? ಒಂದು ಸಲ ಅಂದ್ರೆ ಹೌದು, ಎರಡು ಸಲ ಅಂದ್ರೆ ಇಲ್ಲ."

ಒಂದು ಸಲ ಹೊಡೆದೆ. ಅಷ್ಟೇ ನಡೆದದ್ದು. ನಾಲ್ಕು ತಿಂಗಳಾಯಿತು.

ಗಾಡಿಯಲ್ಲೇ ಬದುಕುವ ನಮ್ಮಂಥವರಲ್ಲಿ ಕೆಲಸಕ್ಕೆ ಬಣ್ಣ ಇದೆ. ಕ್ಯಾರವಾನನ್ನು ಕಾರಿಗೆ ಸಿಕ್ಕಿಸುವುದು, ನೀರು ತುಂಬುವುದು, ಕಕ್ಕಸಿನ ಪೆಟ್ಟಿಗೆ ಬರಿದು ಮಾಡುವುದು ನೀಲಿ ಕೆಲಸ, ಗಂಡಸಿನದು. ಅಡುಗೆ, ಹಾಸಿಗೆ, ಮಾತು ಗುಲಾಬಿ ಕೆಲಸ. ರೇಡಿಯೋ ಗುಲಾಬಿ. ಈ ನೋಟುಪುಸ್ತಕವೂ ಗುಲಾಬಿಯೇ. ಹಿಂದಿನ ಪುಟಗಳಲ್ಲೆಲ್ಲ ಅವಳ ಅಕ್ಷರ, ಎಲ್ಲಿ ತಂಗಿದೆವು, ಯಾವ ಹಕ್ಕಿ ಕಂಡೆವು ಎಂದು. ನಾನು ಮುಂದುವರಿಸುತ್ತಿದ್ದೇನೆ. ಹಕ್ಕಿಗಳ ಹೆಸರು ನನಗೆ ಗೊತ್ತಿಲ್ಲ.

ರೇಡಿಯೋದಲ್ಲಿ ಹೇಳಿಬಿಟ್ಟರೆ ಆ ನಂಬರು ಪಟ್ಟಿಯಿಂದ ಹೋಗುತ್ತದೆ. ಅದು ಅವಳ ಹೆಸರಿನಲ್ಲಿದೆ. ಲೋಕದಲ್ಲಿ ಅವಳ ಹೆಸರು ಹಿಡಿದು ದಿನಾ ಕರೆಯುವವಳು ವಿಲ್ಮಾ ಒಬ್ಬಳೇ. ಅಲ್ಲಿಲ್ಲದವರನ್ನು ಕರೆದು ಮಾತಾಡುವುದಕ್ಕೆ ಒಂದು ಹೆಸರಿದೆ. ಮೇಷ್ಟ್ರ ತರಬೇತಿಗೆಂದು ಒಂದೂವರೆ ವರ್ಷ ಕಾಲೇಜಿಗೆ ಮಣ್ಣು ಹೊತ್ತಾಗ ಇಂಗ್ಲಿಷ್ ತರಗತಿಯಲ್ಲಿ ಬರೆಸಿದ್ದರು. ಕಿಟಕಿಯ ಪಕ್ಕದ ಬೆಂಚು, ಸೀಮೆಸುಣ್ಣದ ಧೂಳು ನೆನಪಿದೆ. ಹೆಸರು ನೆನಪಿಲ್ಲ.

ಇವತ್ತೂ ಹಳ್ಳದ ದಡದಲ್ಲೇ ಇದ್ದೇವೆ. ಬೀನ್ಸ್ ತಿಂದೆವು.

ಜೂನ್ 28, ಶುಕ್ರವಾರ

ಹಾಜರಿ ಮುಗಿದ ಮೇಲೆ ಅರ್ಧ ಗಂಟೆ ಗಲಾ ಹೊತ್ತು. ತಂತಿಯ ಮೇಲೆ ಸಾಲಾಗಿ ಕೂತು ಎಲ್ಲ ಒಟ್ಟಿಗೆ ಕಿರಿಚುವ ಗುಲಾಬಿ ಎದೆಯ ಗಿಳಿಗಳ ಹೆಸರು ಅದಕ್ಕೆ. ಯಾರು ಯಾರನ್ನು ಬೇಕಾದರೂ ಕರೆದು ಹರಟಬಹುದು. ಕೊರಾಲಿಯದು ಎನಿಡ್ ಜೊತೆ. ಒಬ್ಬರನ್ನೊಬ್ಬರು ಕಣ್ಣಾರೆ ಕಂಡವರಲ್ಲ. ಹನ್ನೊಂದು ವರ್ಷದ ಗೆಳೆತನವೆಲ್ಲ ಗಾಳಿಯಲ್ಲೇ. ಎನಿಡ್‌ಗೆ ಎಪ್ಪತ್ತೆಂಟು. ಉಣ್ಣೆ ಕತ್ತರಿಸುವವರ ತಂಡಗಳಿಗೆ ಅಡುಗೆ ಮಾಡಿ ಬದುಕಿದವಳು. ಗಂಡ ಅಥೋಲ್ ಸತ್ತ ಮೇಲೆ ಹಳೇ ಶಾಲಾ ಬಸ್ಸೊಂದನ್ನು ಮನೆ ಮಾಡಿಕೊಂಡು ಒಬ್ಬಳೇ ಪಡುವಣ ಕಡೆ ಸುತ್ತುತ್ತಾಳೆ. ನಮಗೂ ಅವಳಿಗೂ ಮೂರು ಸಾವಿರ ಕಿಲೋಮೀಟರ್. ನಮ್ಮ ನಾಲ್ಕು ಗಂಟೆ ಅವಳಿಗೆ ಎರಡು.

"ಏನೇ ಕೊರಾಲಿ, ಚಮಚ ಇದ್ಯಾ ಕೈಲಿ?"

ಟಿಣ್.

"ನಿನ್ನ ಗಂಡ ಇನ್ನೂ ಮೈಕು ರಿಪೇರಿ ಮಾಡ್ಸಿಲ್ವಾ?"

ಟಿಣ್ ಟಿಣ್.

"ಗೂಬೆ. ಪಕ್ಕದಲ್ಲೇ ಇದಾನಾ?"

ಟಿಣ್.

"ಕೇಳಿಸ್ಕೊಳ್ಲಿ ಬಿಡು."

ಕೇಳಿಸಿಕೊಂಡೆ. ಆಮೇಲೆ ಅವಳು ಸ್ಟ್ಯೂ ಮಾಡುವುದು ಹೇಗೆ ಎಂದು ಶುರು ಮಾಡಿದಳು. ಈರುಳ್ಳಿ ಕೆಂಪಾಗೋ ತನಕ ಮಾಂಸ ಹಾಕಬಾರದಂತೆ, ಆತುರ ಪಡಬಾರದಂತೆ, ಉಪ್ಪು ಕೊನೆಯಲ್ಲಂತೆ. "ಮುಚ್ಚಳ ತೆಗ್ದು ತೆಗ್ದು ನೋಡ್ಬೇಡ, ಗಂಡಸರ ಥರ." ಹೋದ ವಾರ ಉಣ್ಣೆಯ ಬನಿಯನ್ನನ್ನು ಬಿಸಿನೀರಿಗೆ ಹಾಕಬಾರದು ಎಂದು ಕಾಲು ಗಂಟೆ ಹೇಳಿದ್ದಳು. ಕೊರಾಲಿಯ ಸ್ಟ್ಯೂವಿಗೆ ಜಿಲ್ಲಾ ಮೇಳದಲ್ಲಿ ಎರಡು ಸಲ ಬಹುಮಾನ ಬಂದಿದೆ, ಅದು ಎನಿಡ್‌ಗೂ ಗೊತ್ತು. ಅವಳಿಗೇ ಹೇಳಿಕೊಡುತ್ತಾಳಲ್ಲ. ವಯಸ್ಸಾಯಿತು, ಪಾಪ.

ಜುಲೈ 1, ಸೋಮವಾರ

ನೀರು ತುಂಬಲು ಊರಿಗೆ ಹೋದೆವು. ಧಾನ್ಯದ ಕಣಜದ ಹಿಂದೆ ಫೋನಿಗೆ ಸಿಗ್ನಲ್ ಸಿಗುತ್ತದೆ. ಬ್ಯಾಲರಾಟಿನಲ್ಲಿರುವ ಮಗಳು ಲಿನೆಟ್‌ಗೆ ಮಾಡಿದೆ.

"ಅಪ್ಪ, ರೇಡಿಯೋದವ್ರಿಗೆ ಅಮ್ಮನ ವಿಷಯ ಹೇಳ್ದ್ಯಾ?"

"ಹೇಳ್ದೆ."

"ಏನಂದ್ರು?"

"ಪಾಪ ಅಂದ್ರು."

"ಹಿತ್ತಲ ಕೋಣೆಗೆ ಬಣ್ಣ ಹೊಡ್ಸಿದೀನಿ. ಬಂದ್ಬಿಡು."

"ನೋಡೋಣ."

"ನೀನು ನೋಡೋಣ ಅಂದ್ರೆ ಇಲ್ಲ ಅಂತ ಅರ್ಥ. ಅಮ್ಮ ಯಾವಾಗ್ಲೂ ಹೇಳ್ತಿದ್ಲು."



ಆಮೇಲೆ ಪೆಟ್ರೋಲ್ ಬಂಕಿನಲ್ಲಿ ಸಿಕ್ಕಿಬಿದ್ದೆ. ಮುಂದೆ ಒಂದು ಲಾರಿ, ಹಿಂದಕ್ಕೆ ಹೋಗದೆ ದಾರಿಯಿಲ್ಲ. ಕ್ಯಾರವಾನನ್ನು ಹಿಮ್ಮುಖವಾಗಿ ಓಡಿಸುವುದು ನೀಲಿ ಕೆಲಸವೆಂದೇ ನಾನು ಹೆಮ್ಮೆಪಟ್ಟಿದ್ದೆ. ಹಿಂದೆ ನಿಂತು ಎರಡೂ ಕೈ ಎತ್ತಿ ಎಡ, ಬಲ, ಸಾಕು ಎಂದು ತೋರಿಸುತ್ತಿದ್ದ ಕೊರಾಲಿಯ ಪಾಲು ಅದರಲ್ಲಿ ಅರ್ಧದಷ್ಟಿತ್ತೆಂದು ಈಗ ಗೊತ್ತಾಗಿದೆ. ಕ್ಯಾರವಾನಿನ ಬೆನ್ನ ಮೇಲೆ ಎಲ್ಲರಂತೆ ನಾವೂ ಹೆಸರು ಬರೆಸಿದ್ದೇವೆ: ಕ್ಲೆಮ್ ಮತ್ತು ಕೊರಾಲಿ. ಪಕ್ಕದಲ್ಲಿದ್ದ ಒಬ್ಬ ಅದನ್ನು ಓದಿ, "ಕೊರಾಲಿ ಎಲ್ಲಿ? ಇಳಿದು ಕೈ ತೋರ್ಸಕ್ಕೆ ಹೇಳಪ್ಪ" ಎಂದ. "ಒಳಗೆ ಮಲಗಿದಾಳೆ" ಎಂದೆ. "ಅದೃಷ್ಟವಂತೆ" ಎಂದು ನಕ್ಕು ಹೋದ. ಲಾರಿಯವನು ಊಟ ಮುಗಿಸಿ ಬರುವವರೆಗೆ ಒಂದೂವರೆ ಗಂಟೆ ಅಲ್ಲೇ ಕೂತಿದ್ದೆ.

ಜುಲೈ 4, ಗುರುವಾರ

ಎನಿಡ್ ಇವತ್ತು ಬೇರೆ ಚಾನೆಲ್ಲಿಗೆ ಬರಹೇಳಿದಳು. ಗುಟ್ಟು ಇದ್ದಾಗ ಅವರಿಬ್ಬರೂ ಹೋಗುತ್ತಿದ್ದ ಜಾಗ. ನಾನು ಅಲ್ಲಿಗೆ ಹೋಗಬಾರದಿತ್ತು. ಹೋದೆ.

"ಬಲಗೈ ಬಟ್ಟಲು ಬಿಡ್ತಾ ಇದೆ ಕಣೇ. ನಿನ್ನೆ ಒಂದು ಒಡೀತು, ಇವತ್ತು ಒಂದು. ಬೆಳಿಗ್ಗೆ ನಾಲಿಗೆ ಹೊರಳ್ಳಿಲ್ಲ. ಹತ್ತು ನಿಮಿಷ, ಆಮೇಲೆ ಸರಿಹೋಯ್ತು. ಮಗನಿಗೆ ಗೊತ್ತಾದ್ರೆ ಬಸ್ಸು ಮಾರಿ ನನ್ನ ಕುರ್ಚಿಗೆ ಕಟ್ಟಿಹಾಕ್ತಾನೆ. ವಿಲ್ಮಾಗೆ ಹೇಳಿದ್ರೆ ದೇಶಕ್ಕೆಲ್ಲ ಹೇಳಿದ ಹಾಗೆ. ನಿನ್ನಲ್ಲೇ ಇರ್ಲಿ. ಹೇಳಲ್ಲ ಅಂತ ಒಂದು ಹೊಡಿ."

ಡಾಕ್ಟರ ಹತ್ತಿರ ಹೋಗು ಎನ್ನುವುದನ್ನು ಒಂದು ಚಮಚದಲ್ಲಿ ಹೇಗೆ ಹೇಳುವುದು? ಎರಡು ಹೊಡೆದೆ. ಮತ್ತೆ ಎರಡು. ಮತ್ತೆ ಎರಡು.

"ಏನೇ ಅದು, ಇಗರ್ಜಿ ಗಂಟೆನಾ? ಒಂದು ಹೊಡಿ ಅಂದೆ."

ಮೈಕು ಬಾಯಿಯ ಹತ್ತಿರ ತಂದೆ. ಅವಳಿಗೆ ಕೇಳಿಸುವುದು ಯಾವನೋ ಮುದುಕನ ಕೆಮ್ಮು. ಅಲ್ಲಿಗೆ ಅವಳ ಗೆಳತಿ ಸತ್ತುಹೋಗುತ್ತಾಳೆ, ನಾಲ್ಕು ತಿಂಗಳಿಂದ ಸತ್ತಿದ್ದಳೆಂದು ತಿಳಿಯುತ್ತದೆ, ತನ್ನ ಗುಟ್ಟನ್ನೆಲ್ಲ ಯಾರು ಕೇಳುತ್ತಿದ್ದರೆಂದೂ ತಿಳಿಯುತ್ತದೆ. ಕೈ ಕೆಟ್ಟಿರುವ ಹೊತ್ತಿನಲ್ಲಿ ಇಷ್ಟು ಹೇರುವುದೇ?

ಒಂದು ಹೊಡೆದೆ.

ಹೌದು, ಇಲ್ಲ ಎಂಬ ಎರಡರಲ್ಲಿ ಹೇಳಲಾಗದ್ದು ಇರುವುದರಿಂದಲೇ ಭಾಷೆ ಹುಟ್ಟಿತು ಎಂದು ಇಂಗ್ಲಿಷ್ ಮೇಷ್ಟ್ರು ಹೇಳಿದ ನೆನಪು. ಅಥವಾ ನಾನೇ ಈಗ ಕಟ್ಟಿಕೊಂಡೆನೋ.

ಜುಲೈ 6, ಶನಿವಾರ

ಗಾಳಿ. ಬೀನ್ಸ್. ಎನಿಡ್ ಕೈ ಬಗ್ಗೆ ಏನೂ ಹೇಳಲಿಲ್ಲ, ಕೇಳಲು ನನಗೆ ಬಾಯಿಲ್ಲ.

ಜುಲೈ 8, ಸೋಮವಾರ

ಅಂಗಡಿಯಲ್ಲಿ ಬೀನ್ಸ್ ಮುಗಿದಿತ್ತು, ಕುರಿಮಾಂಸ ಇತ್ತು. ಈರುಳ್ಳಿ ಕೆಂಪಾಗುವ ತನಕ ಕಾದೆ. ಮೂರು ಸಲ ಮುಚ್ಚಳ ತೆಗೆದು ನೋಡಿದೆ. ತಿನ್ನಬಹುದು.

ಎನಿಡ್ ಮತ್ತೆ ಆ ಚಾನೆಲ್ಲಿಗೆ ಕರೆದಳು. ದೊಡ್ಡ ರಸ್ತೆ ಬಿಟ್ಟು ಒಳಗೆ ಹೋಗುತ್ತಾಳಂತೆ.

"ನಿನ್ನ ಪುಸ್ತಕದಲ್ಲಿ ಬರ್ಕೋ. ದನ ದಾಟದ ಹಾಗೆ ರಸ್ತೆಗೆ ಹಾಕಿರೋ ಕಬ್ಬಿಣದ ಜಾಲರಿ ಇದ್ಯಲ್ಲ, ಎರಡನೇದು ದಾಟಿದ್ಮೇಲೆ ಎಡಕ್ಕೆ ಮಣ್ಣು ದಾರಿ. ರೆಕ್ಕೆ ಮುರಿದ ಗಾಳಿಯಂತ್ರ ಸಿಗುತ್ತೆ. ಅಲ್ಲಿಂದ ಹದಿನೇಳು ಕಿಲೋಮೀಟರ್, ಹಳೇ ಉಣ್ಣೆ ಷೆಡ್ಡು. ಅಥೋಲ್ ಮೊದಲನೇ ಸಲ ನನ್ನ ಸ್ಟ್ಯೂ ಬೈದಿದ್ದು ಅಲ್ಲೇ. ಒಂದ್ಸಲ ನೋಡ್ಕೊಂಡು ಬರ್ತೀನಿ, ಎರಡು ದಿನ. ಬರ್ಕೊಂಡ್ಯಾ?"

ಬರೆದುಕೊಂಡೆ. ಜಾಲರಿ ಎರಡು, ಎಡ, ಗಾಳಿಯಂತ್ರ, ಹದಿನೇಳು. ಟಿಣ್.

"ಬೇರೆ ಯಾರಿಗೂ ಹೇಳಿಲ್ಲ. ಒಬ್ರಿಗಾದ್ರೂ ಗೊತ್ತಿರ್ಬೇಕಲ್ಲ."

ಟಿಣ್.

"ಮೈಕು ಸರಿಯಾದ ದಿನ ಮೊದಲು ನನ್ನ ಹತ್ರ ಮಾತಾಡು. ವಿಲ್ಮಾ ಹತ್ರ ಅಲ್ಲ. ಆಯ್ತಾ?"

ಟಿಣ್.

ಜುಲೈ 9, ಮಂಗಳವಾರ

"ನಾಲ್ಕು-ಸೊನ್ನೆ-ಒಂಬತ್ತು-ಮೂರು. ಎನಿಡ್?" ಬರೀ ಕರಕರ. ವಿಲ್ಮಾ ಮೂರು ಸಲ ಕರೆದಳು. "ನಿನ್ನೆ ಹಾಜರಿ ಹೊತ್ತಿಗೆ ದೊಡ್ಡ ರಸ್ತೆ ಮೇಲೇ ಇದ್ಲು. ಯಾರಿಗಾದ್ರೂ ಎನಿಡ್ ಕೇಳಿಸಿದಾಳಾ ಇವತ್ತು?" ಯಾರೂ ಇಲ್ಲ. "ಕೊರಾಲಿ, ನಿನಗೆ?"

ಎರಡು ಹೊಡೆದೆ.

ಸುಳ್ಳಲ್ಲ. ಇವತ್ತು ಕೇಳಿಸಿಲ್ಲ. ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ. ಬ್ಯಾಟರಿ ಇಳಿದಿರಬಹುದು, ಷೆಡ್ಡಿನ ತಗಡು ಅಡ್ಡ ಬಂದಿರಬಹುದು. ಎರಡು ದಿನ ಎಂದು ಅವಳೇ ಹೇಳಿದ್ದಾಳೆ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ.

ಕೊಟ್ಟಿದ್ದು ನಾನಲ್ಲ, ಕೊರಾಲಿ. ಕೊರಾಲಿಯಾಗಿದ್ದರೆ ಏನು ಮಾಡುತ್ತಿದ್ದಳು ಎನ್ನುವುದು ನನಗೆ ಚೆನ್ನಾಗಿ ಗೊತ್ತು. ಅದಕ್ಕೇ ಇವತ್ತು ಅವಳ ಕುರ್ಚಿಯ ಕಡೆ ನೋಡಿಲ್ಲ.

ಸ್ಟ್ಯೂ ಉಳಿದಿದೆ. ಬೇಡ.

ಜುಲೈ 10, ಬುಧವಾರ

ಇವತ್ತೂ ಉತ್ತರವಿಲ್ಲ. ಮೂರು ದಿನ ಹಾಜರಿ ತಪ್ಪಿದರೆ ಪೊಲೀಸರಿಗೆ ತಿಳಿಸುವುದು ನಮ್ಮಲ್ಲಿ ಕಟ್ಟಳೆ. ಇದು ಎರಡನೆಯದು. "ನಾಳೆನೂ ಇಲ್ಲ ಅಂದ್ರೆ ದೊಡ್ಡ ರಸ್ತೆಯುದ್ದಕ್ಕೂ ಹುಡುಕ್ಸೋಣ" ಎಂದಳು ವಿಲ್ಮಾ. ದೊಡ್ಡ ರಸ್ತೆಯಲ್ಲಿ ಅವಳಿಲ್ಲ. ಹುಡುಕುತ್ತಾ ಹುಡುಕುತ್ತಾ ವಾರ ಕಳೆಯುತ್ತದೆ.

ಗುಂಡಿ ಒತ್ತಿದೆ. ಲೋಟ ಎಡಗೈಯಲ್ಲೇ ಇತ್ತು.

"ವಿಲ್ಮಾ. ಅವಳು ಒಳಗಡೆ ಹೋಗಿದಾಳೆ. ಉಣ್ಣೆ ಷೆಡ್ಡಿಗೆ."

ನಾಲ್ಕು ತಿಂಗಳು ಮೈಕಿನ ಮುಂದೆ ಹೊರಡದ ದನಿ. ಬಾಗಿಲು ಉಜ್ಜಿದ ಹಾಗೆ ಬಂತು.

"ಯಾರದು? ನಂಬರ್ ಹೇಳಿ."

"ಎರಡು-ಎಂಟು-ಒಂದು-ಆರು."

"ಅದು ಕೊರಾಲಿ ನಂಬರ್."

"ನಾನು ಕ್ಲೆಮ್. ಅವಳ ಗಂಡ. ಕೊರಾಲಿ ಫೆಬ್ರವರಿಯಲ್ಲೇ ತೀರ್ಕೊಂಡ್ಲು. ಚಮಚ ನಾನು."

ಗುಂಡಿ ಬಿಟ್ಟೆ. ಕರಕರ ಎನ್ನುವ ಸದ್ದಿಗೆ ಅಷ್ಟು ದೊಡ್ಡ ಜಾಗ ಇದೆಯೆಂದು ಗೊತ್ತಿರಲಿಲ್ಲ. ಮುಚ್ಚಿಟ್ಟದ್ದು ನನ್ನ ಕ್ಯಾರವಾನಿನೊಳಗಷ್ಟೇ ಇದೆ ಅಂದುಕೊಂಡಿದ್ದೆ.

"ಅದನ್ನ ಆಮೇಲೆ ನೋಡೋಣ," ಎಂದಳು ವಿಲ್ಮಾ. "ದಾರಿ ಹೇಳು. ನಿಧಾನಕ್ಕೆ."

ಪುಸ್ತಕ ನೋಡಿ ಓದಿದೆ. ಜಾಲರಿ ಎರಡು. ಎಡ. ಗಾಳಿಯಂತ್ರ. ಹದಿನೇಳು. ಕೈ, ನಾಲಿಗೆ, ಒಡೆದ ಬಟ್ಟಲು, ಎಲ್ಲ ಹೇಳಿದೆ. ಅವಳು ಪೊಲೀಸರಿಗೆ ಫೋನ್ ಮಾಡಲು ಹೋದಳು. ನಾನು ಮೂರು ಸಾವಿರ ಕಿಲೋಮೀಟರ್ ಆಚೆ ಮೈಕು ಹಿಡಿದು ಕೂತಿದ್ದೆ. ಇನ್ನು ಮಾಡುವುದಕ್ಕೆ ಏನೂ ಇಲ್ಲ. ನೀಲಿಯದೂ ಇಲ್ಲ, ಗುಲಾಬಿಯದೂ ಇಲ್ಲ.

ಜುಲೈ 11, ಗುರುವಾರ

ಸಿಕ್ಕಳು. ಜೀವ ಇದೆ.

ಹತ್ತಿರದ ಕುರಿ ಫಾರಂನವರು ನಿನ್ನೆ ಸಂಜೆಯೇ ಗಾಡಿ ತೆಗೆದುಕೊಂಡು ಹೋದರಂತೆ. ಷೆಡ್ಡಿನ ಒಳಗೆ, ಉಣ್ಣೆ ವಿಂಗಡಿಸುವ ಮೇಜಿನ ಕೆಳಗೆ, ಹಳೇ ಗೋಣಿಯೊಂದನ್ನು ಎಡಗೈಯಲ್ಲೇ ಎಳೆದು ಹೊದ್ದುಕೊಂಡು ಬಿದ್ದಿದ್ದಳು. ಡಾಕ್ಟರು ವಿಮಾನದಲ್ಲಿ ಬಂದು ಕರಾವಳಿಯ ಆಸ್ಪತ್ರೆಗೆ ಒಯ್ದರು. ಬಲಭಾಗಕ್ಕೆ ಲಕ್ವ ಹೊಡೆದಿದೆ. ಮಾತು ಹೋಗಿದೆ.

ಇಷ್ಟನ್ನೂ ವಿಲ್ಮಾ ಹಾಜರಿಗೆ ಮುಂಚೆ ನನ್ನನ್ನು ಕರೆದು ಹೇಳಿದಳು.

"ಯಾವಾಗ ಬಿದ್ಲಂತೆ?"

"ಮಂಗಳವಾರ ಬೆಳಿಗ್ಗೆ ಇರ್ಬೇಕು ಅಂತಾರೆ."

"ಮಂಗಳವಾರ ನಾಲ್ಕು ಗಂಟೆಗೇ ನಾನು ಹೇಳಿದ್ರೆ?"

"ಗೊತ್ತಿಲ್ಲ ಕ್ಲೆಮ್. ಅದನ್ನ ಯಾರೂ ಹೇಳಲ್ಲ ನಿನಗೆ."

"ಹೂಂ."

"ನಾಲ್ಕು ತಿಂಗಳು ದಿನಾ ಅವಳನ್ನ ಮಾತಾಡ್ಸಿದೀನಿ ನಾನು. ಈಸ್ಟರ್ ಹಬ್ಬಕ್ಕೆ ಹಾರೈಸಿದೀನಿ. ನಂಗೆ ನಿನ್ನ ಮೇಲೆ ತುಂಬಾ ಸಿಟ್ಟಿದೆ."

"ಇರ್ಬೇಕು."

"ನಾಳೆ ನಾಲ್ಕು ಗಂಟೆಗೆ ಇರು," ಎಂದಳು. ಯಾಕೆಂದು ಹೇಳಲಿಲ್ಲ.

ಜುಲೈ 12, ಶುಕ್ರವಾರ

"ಎರಡು-ಎಂಟು-ಒಂದು-ಆರು," ಎಂದಳು. ನಿಂತಳು. ಕಾಗದ ಸರಿದ ಸದ್ದು. "ಕ್ಲೆಮ್?"

"ಇದ್ದೀನಿ."

ಮುಂದಿನ ನಂಬರಿಗೆ ಹೋದಳು.

ಜುಲೈ 16, ಮಂಗಳವಾರ

ಹಳ್ಳದ ದಡ ಬಿಟ್ಟೆ. ಲಿನೆಟ್‌ಗೆ ಫೋನ್ ಮಾಡಿ ರೇಡಿಯೋ ವಿಷಯದಲ್ಲಿ ಸುಳ್ಳು ಹೇಳಿದ್ದೆ ಎಂದೆ. "ಗೊತ್ತಿತ್ತು ಅಪ್ಪ," ಎಂದಳು. "ಪಾಪ ಅಂದ್ರು ಅಂದ್ಯಲ್ಲ, ಅಷ್ಟಕ್ಕೇ ಬಿಡೋ ಜನ ಅಲ್ಲ ಅವ್ರು." ಕೋಣೆಗೆ ಬಳಿದ ಬಣ್ಣ ಯಾವುದು ಎಂದು ಕೇಳಿದೆ. ನೀಲಿಯಂತೆ. ಎತ್ತ ಕಡೆ ಹೊರಟೆ ಎಂದು ಕೇಳಿದಳು. ಸುಮ್ಮನೆ ಎಂದೆ. ಸೂರ್ಯ ಮಧ್ಯಾಹ್ನವೆಲ್ಲ ಕಣ್ಣಿಗೇ ಹೊಡೆಯುತ್ತಿದ್ದ.

ಜುಲೈ 19, ಶುಕ್ರವಾರ

ಇವತ್ತಿನ ತಂಗುದಾಣದಲ್ಲಿ ಜಾಗ ಇಕ್ಕಟ್ಟು, ಹಿಮ್ಮುಖವೇ ಹೋಗಬೇಕು. ಪಕ್ಕದ ಗಾಡಿಯ ದಪ್ಪನೆಯ ಹೆಂಗಸನ್ನು ಕರೆದು, ಸ್ವಲ್ಪ ಹಿಂದೆ ನಿಲ್ತೀರಾ ಎಂದೆ. "ಬಾ, ಬಾ, ಬಾ, ನಿಲ್ಲು! ನಿಲ್ಲು ಅಂದ್ರೆ ನಿಲ್ಬೇಕು ಮಾರಾಯ, ಮರ ನಿನಗೋಸ್ಕರ ಪಕ್ಕಕ್ಕೆ ಸರಿಯಲ್ಲ." ಒಂದು ಗೀರು ಬಿತ್ತು. ಹೆಸರಿನ ಕೆಳಗೆ. ಅವಳು ಹೆಸರು ಓದಿದಳು, ಕೊರಾಲಿ ಎಲ್ಲಿ ಎಂದು ಕೇಳಲಿಲ್ಲ, ಕುರ್ಚಿ ತಗೊಂಡು ಬಾ ಎಂದಳು. ನಾನೇ ಹೇಳಿದೆ. ಆಮೇಲೆ ಸ್ಟ್ಯೂ ಹಂಚಿಕೊಂಡು ತಿಂದೆವು. ಉಪ್ಪು ಕಡಿಮೆ ಎಂದಳು.

ಜುಲೈ 23, ಮಂಗಳವಾರ

ಇಲ್ಲಿ ಮರವೇ ಇಲ್ಲ, ಕೆಂಪು ಮಣ್ಣು, ಗಾಳಿ. ರೇಡಿಯೋದ ಕಂಬಿಯನ್ನು ಹಗ್ಗ ಕಟ್ಟಿ ನಿಲ್ಲಿಸಿದ್ದೇನೆ. ಕಂಬಿ ನಡುಗುತ್ತದೆ. ಬರೆಯುವ ಪುಟವನ್ನೂ ಮೊಣಕೈಯಿಂದ ಒತ್ತಿಹಿಡಿಯಬೇಕು.

ನಿನ್ನೆಯೇ ವಿಲ್ಮಾ ಹೇಳಿದ್ದಳು: ಎನಿಡ್‌ಳ ಬಸ್ಸನ್ನು ಅವಳ ಮಗ ಆಸ್ಪತ್ರೆಯ ಹಿಂದಿನ ಬಯಲಿಗೆ ತಂದು ನಿಲ್ಲಿಸಿದ್ದಾನೆ, ಇನ್ನೂ ಮಾರಿಲ್ಲ. ಮಂಗಳವಾರ ಒಬ್ಬ ನರ್ಸು ಅವಳನ್ನು ಗಾಲಿಕುರ್ಚಿಯಲ್ಲಿ ಬಸ್ಸಿನ ಹತ್ತಿರ ಕರೆತರುತ್ತಾಳೆ, ಹತ್ತು ನಿಮಿಷಕ್ಕೆ. ಹಾಜರಿ ಆದ ಮೇಲೆ ಆ ಚಾನೆಲ್ಲಿಗೆ ಹೋದೆ.

"ಹಲೋ? ನಾನು ನರ್ಸು. ಇದು ಹೇಗೆ ಅಂತ ಗೊತ್ತಿಲ್ಲ ನಂಗೆ. ಯಾವ ಗುಂಡಿ... ಇದಾ? ಅಜ್ಜಿ ನನ್ನ ಕೈಗೇ ಹೊಡೀತಿದಾರೆ, ಸರಿಯಾದ ಗುಂಡಿ ಅಲ್ಲ ಅಂತ ಕಾಣುತ್ತೆ."

"ಸರಿಯಾಗಿದೆ ಕಣಮ್ಮ. ಕೇಳಿಸ್ತಿದೆ."

"ಇಲ್ಲೇ ಇದಾರೆ. ಮಾತು ಇನ್ನೂ ಬಂದಿಲ್ಲ. ಎಡಗೈಲಿ ಚಮಚ ಕೊಟ್ಟಿದೀನಿ. ಅವ್ರೇ ಬೇಕು ಅಂತ ತೋರ್ಸಿದ್ದು. ನಿಮ್ಮ ಮಾತು ಮುಗಿದಾಗೆಲ್ಲ ನಾನು ಗುಂಡಿ ಒತ್ತಿ ಹಿಡ್ಕೊಂಡಿರ್ತೀನಿ."

ಇನ್ನು ಮಾತೆಲ್ಲ ನನ್ನ ಮೇಲೆ. ಏನು ಹೇಳಬೇಕೆಂದು ಒಂದು ಚೀಟಿಯಲ್ಲಿ ಬರೆದಿಟ್ಟಿದ್ದೆ, ಕಾಲೇಜಿನಲ್ಲಿ ಕಲಿಸಿದಂತೆ ಪೀಠಿಕೆ, ವಿಷಯ, ಉಪಸಂಹಾರ ಎಂದು. ಗಾಳಿಗೆ ಹಾರಿಹೋಯಿತು.

"ಎನಿಡ್, ನಾನು ಕ್ಲೆಮ್. ಮೈಕು ಸರಿಯಾದ ದಿನ ಮೊದಲು ನಿನ್ನ ಹತ್ರ ಮಾತಾಡ್ಬೇಕು ಅಂದಿದ್ದೆ ನೀನು. ಆಗ್ಲಿಲ್ಲ, ವಿಲ್ಮಾ ಹತ್ರ ಮಾತಾಡ್ಬೇಕಾಯ್ತು. ಅದಕ್ಕೂ ಒಂದು ದಿನ ತಡ ಮಾಡ್ದೆ. ಮಂಗಳವಾರ ಬಾಯಿ ಬಿಡ್ಲಿಲ್ಲ ನಾನು. ಇದು ನಿನಗೆ ಗೊತ್ತಿರ್ಬೇಕು."

ನರ್ಸಿನ ಉಸಿರು, ದೂರದಲ್ಲೆಲ್ಲೋ ಒಂದು ಬಾಗಿಲು.

"ಸ್ಟ್ಯೂ ಮಾಡ್ದೆ. ಈರುಳ್ಳಿ ಕೆಂಪಾಗೋ ತನಕ ಕಾದೆ. ಬನಿಯನ್ನೂ ತಣ್ಣೀರಲ್ಲೇ ಒಗೆದೆ."

ಟಿಣ್ ಅಲ್ಲ, ಆಸ್ಪತ್ರೆಯ ಪ್ಲಾಸ್ಟಿಕ್ ಲೋಟ. ಟಪ್ ಎಂದಿತು.

ಬನಿಯನ್ ಎಂದು ನಾನೇ ಹೇಳಿದ ಮೇಲೆ ಆ ಮಾತು ಕಿವಿಯಲ್ಲೇ ನಿಂತಿತು. ಜಿಲ್ಲಾ ಮೇಳದಲ್ಲಿ ಎರಡು ಸಲ ಬಹುಮಾನ ಗೆದ್ದವಳಿಗೆ ಯಾರು ಈರುಳ್ಳಿ ಹುರಿಯುವುದು ಹೇಳಿಕೊಡುತ್ತಾರೆ? ಮೂವತ್ತು ಜನರಿಗೆ ಬೇಯಿಸಿ ಹಾಕಿದ ಹೆಂಗಸು ತನ್ನ ಮಾತು ಯಾರಿಗೆ ತಲುಪುತ್ತಿದೆ ಎಂದು ತಿಳಿಯದೆ ಆಡುತ್ತಾಳೆಯೇ?

"ಎನಿಡ್. ಚಮಚ ನಾನೇ ಅಂತ ನಿನಗೆ ಮೊದ್ಲೇ ಗೊತ್ತಿತ್ತಾ?"

ಟಪ್.

ಇಲ್ಲ ಎನ್ನುವುದಾದರೆ ಇನ್ನೊಂದು ಬರಬೇಕು. ಅವಳ ಕೈ ನಿಧಾನ; ಎತ್ತಿ ಹೊಡೆಯುವುದಕ್ಕೆ ಹೊತ್ತು ಬೇಕು. ಕಾದೆ. ನರ್ಸು ಗುಂಡಿ ಬಿಡಲಿಲ್ಲ, ಗಾಳಿ ಹಾಯುವುದು ಕೇಳಿಸುತ್ತಲೇ ಇತ್ತು. ಅಲ್ಲಿಯದೋ ಇಲ್ಲಿಯದೋ ಗೊತ್ತಾಗಲಿಲ್ಲ. ಹತ್ತು ನಿಮಿಷ ಮುಗಿಯಿತೆಂದು ಅವಳನ್ನು ಒಳಗೆ ಕರೆದುಕೊಂಡು ಹೋಗುವ ತನಕ ಕಾದೆ. ಎರಡನೆಯದು ಬರಲಿಲ್ಲ.

ಆಮೇಲೂ ರೇಡಿಯೋ ಆರಿಸಲಿಲ್ಲ. ಇದನ್ನೆಲ್ಲ ಬರೆಯುತ್ತಾ ಕೂತೆ. ಅಕ್ಷರಗಳು ಯಾಕೆ ಇಷ್ಟು ಮಸುಕಾಗಿವೆ ಎಂದು ಕನ್ನಡಕ ಒರೆಸಿದೆ, ಕನ್ನಡಕವಲ್ಲ. ಬೆಳಕು ಹೋಗುತ್ತಿದೆ.